ಹೊಟ್ಟೆ ಬರುತ್ತಿದೆ, ಹಾರ್ಮೋನ್ ತಗೊಳ್ಳಲೇ? ನಲವತ್ತೈದು ದಾಟಿದವರಿಗೆ ಹಂತ ಹಂತದ ಮಾರ್ಗದರ್ಶಿ

"ತಿನ್ನುವುದು ಮೊದಲಿನಷ್ಟೇ, ಆದರೂ ಹೊಟ್ಟೆ ಬರುತ್ತಿದೆ. ವಯಸ್ಸಾದ ಮೇಲೆ ಹಾರ್ಮೋನ್ ಕಡಿಮೆಯಾಗುತ್ತದಂತೆ. ಅದನ್ನು ತಗೊಂಡರೆ ತೂಕ ಇಳಿಯುತ್ತದೆಯೇ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹೆಂಗಸರು ಈಸ್ಟ್ರೋಜನ್ ಬಗ್ಗೆ ಕೇಳುತ್ತಾರೆ, ಗಂಡಸರು ಟೆಸ್ಟೋಸ್ಟೆರಾನ್ ಬಗ್ಗೆ, ಥೈರಾಯ್ಡ್ ಬಗ್ಗೆ ಇಬ್ಬರೂ. ಈಚೆಗೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಬಗ್ಗೆಯೂ ಕೇಳುವವರು ಹೆಚ್ಚಾಗಿದ್ದಾರೆ.

ನೇರವಾಗಿ ಹೇಳಿಬಿಡುತ್ತೇನೆ. ಕೊರತೆ ನಿಜವಾಗಿ ಇದ್ದು, ಅದರಿಂದ ನೀವು ಕಷ್ಟಪಡುತ್ತಿದ್ದರೆ ಹಾರ್ಮೋನ್ ಚಿಕಿತ್ಸೆ ಬದುಕನ್ನು ಹಗುರ ಮಾಡುತ್ತದೆ, ಹೆದರಿ ದೂರ ಇರಬೇಕಾಗಿಲ್ಲ. ಆದರೆ ಈಸ್ಟ್ರೋಜನ್, ಟೆಸ್ಟೋಸ್ಟೆರಾನ್, ಥೈರಾಯ್ಡ್ ಮಾತ್ರೆ ಈ ಮೂರರಲ್ಲಿ ಯಾವುದೂ ತೂಕ ಇಳಿಸುವ ಔಷಧಿಯಲ್ಲ. ಈ ಎರಡು ವಿಷಯಗಳನ್ನು ಒಂದೇ ಗಂಟಿಗೆ ಕಟ್ಟಿದಾಗ ಎರಡು ಕಡೆಯೂ ನಷ್ಟ. ಹಾರ್ಮೋನ್ ಬೇಡದವರು ಹೊಟ್ಟೆ ಕರಗಲೆಂದು ತಗೊಂಡು ತೊಂದರೆಗೆ ಸಿಕ್ಕುತ್ತಾರೆ. ನಿಜಕ್ಕೂ ಬೇಕಾದವರು "ತಗೊಂಡೆ, ಒಂದು ಕಿಲೋ ಕೂಡ ಇಳಿಯಲಿಲ್ಲ" ಎಂದು ಒಳ್ಳೆಯ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ. ರಕ್ತಪರೀಕ್ಷೆಯಿಂದ ಶುರು ಮಾಡುವುದು ಬಹಳ ಜನ ಹಿಡಿಯುವ ದಾರಿ, ಆದರೆ ಅದು ತಪ್ಪು ಕ್ರಮ.

ಮೊದಲು, ದೇಹದಲ್ಲಿ ಆಗುತ್ತಿರುವುದೇನು

"ವಯಸ್ಸಾದಂತೆ ಮೆಟಬಾಲಿಸಂ ನಿಧಾನವಾಗುತ್ತದೆ" ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಮೆಟಬಾಲಿಸಂ ಎಂದರೆ ದೇಹ ಶಕ್ತಿಯನ್ನು ಬಳಸಿಕೊಳ್ಳುವ ಒಟ್ಟು ಕ್ರಿಯೆ, ಚಯಾಪಚಯ. ಎಂಟು ದಿನದ ಶಿಶುವಿನಿಂದ 95 ವರ್ಷದವರವರೆಗೆ ಆರು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿದ ಅಧ್ಯಯನವೊಂದು 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೊಬ್ಬನ್ನು ಬಿಟ್ಟು ಉಳಿದ ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ, 20ರಿಂದ 60 ವರ್ಷದವರೆಗೆ ಶಕ್ತಿಯ ಬಳಕೆ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ ಎಂದು ಅದು ತೋರಿಸಿತು. 60ರ ನಂತರವಷ್ಟೇ ವರ್ಷಕ್ಕೆ ಸುಮಾರು ಶೇ. 0.7ರಂತೆ ಇಳಿಯುತ್ತದೆ.

ಹಾಗಾದರೆ ಬದಲಾಗುವುದೇನು? ಮುಖ್ಯವಾಗಿ ಸ್ನಾಯು. 30 ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ, 60ರ ನಂತರ ಇನ್ನೂ ಬೇಗ. ವಯಸ್ಸಿನಿಂದ ಸ್ನಾಯುವಿನ ಗಾತ್ರವೂ ಬಲವೂ ಕುಂದುವ ಈ ಸ್ಥಿತಿಗೆ ಸಾರ್ಕೋಪೀನಿಯಾ ಎನ್ನುತ್ತಾರೆ. ಸ್ನಾಯು ಕಡಿಮೆಯಾದರೆ ದೇಹಕ್ಕೆ ಬೇಕಾದ ಶಕ್ತಿಯೂ ಕಡಿಮೆಯಾಗುತ್ತದೆ, ಊಟ ಮಾತ್ರ ಹಾಗೇ ಇರುತ್ತದೆ. ಇದರ ಮೇಲೆ ಹೆಂಗಸರಲ್ಲಿ ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಇಳಿದು, ತೊಡೆ ಮತ್ತು ನಿತಂಬದಲ್ಲಿ ಶೇಖರವಾಗುತ್ತಿದ್ದ ಕೊಬ್ಬು ಹೊಟ್ಟೆಯೊಳಗೆ ಸೇರತೊಡಗುತ್ತದೆ. ಕರುಳು, ಯಕೃತ್ತಿನ ಸುತ್ತ ಕೂರುವ ಈ ಒಳಕೊಬ್ಬೇ ಸಕ್ಕರೆ ಕಾಯಿಲೆ, ಹೃದ್ರೋಗಗಳ ದಾರಿ ತೆರೆಯುವುದು. ಅಂದರೆ ತೂಕ ಏರುವುದರ ಹೆಚ್ಚಿನ ಪಾಲು ವಯಸ್ಸು ಮತ್ತು ಚಟುವಟಿಕೆಯದು. ಕೊಬ್ಬು ಎಲ್ಲಿ ಕೂರುತ್ತದೆ ಎಂಬುದರಲ್ಲಿ ಹಾರ್ಮೋನಿನ ಕೈವಾಡ ಹೆಚ್ಚು.

ಹಂತ 1: ಅಳತೆ ತೆಗೆದುಕೊಳ್ಳಿ, ಬರೆದಿಡಿ

ಬೇಕಾದದ್ದು ಇಷ್ಟೇ: ಅಳತೆಯ ಟೇಪು, ತೂಕದ ಯಂತ್ರ, ಒಂದು ನೋಟ್‌ಬುಕ್.

ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟ ನಂತರ ಅಳೆಯಿರಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 160 ಸೆಂಟಿಮೀಟರ್ ಎತ್ತರದವರಿಗೆ 80ರೊಳಗೆ. ಬಿಎಂಐ, ಅಂದರೆ ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ, ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂದು ಹೇಳುವುದಿಲ್ಲ. ಏಷ್ಯಾ ಮೂಲದವರಲ್ಲಿ ಕಡಿಮೆ ಬಿಎಂಐನಲ್ಲೇ ಅಪಾಯ ಶುರುವಾಗುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ 25ರ ಬದಲು 23ನ್ನೇ ಎಚ್ಚರಿಕೆಯ ಗೆರೆಯಾಗಿ ಸೂಚಿಸಿದೆ. ನನ್ನನ್ನು ಕೇಳಿದರೆ ಈ ವಯಸ್ಸಿನಲ್ಲಿ ಬಿಎಂಐಗಿಂತ ಟೇಪನ್ನೇ ಹೆಚ್ಚು ನಂಬಿ.

ಜೊತೆಗೆ ಇನ್ನೊಂದನ್ನು ನೋಡಿಕೊಳ್ಳಿ: ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡು ಬೇಕಾಗುತ್ತದೆ? 15 ಸೆಕೆಂಡು ಮೀರಿದರೆ ಕಾಲಿನ ಬಲ ಕುಂದಿದೆ ಎಂದರ್ಥ. ಅಂಥವರು ತೂಕ ಇಳಿಸುವ ಆತುರಕ್ಕಿಂತ ಮೊದಲು ಹಂತ 3ಕ್ಕೆ ಗಮನ ಕೊಡಬೇಕು.

ಎಚ್ಚರಿಕೆ: ಪ್ರಯತ್ನಪಡದೆಯೇ ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕದ ಶೇ. 5ಕ್ಕಿಂತ ಹೆಚ್ಚು ಇಳಿದಿದ್ದರೆ ಖುಷಿಪಡಬೇಡಿ. ಈ ಲೇಖನ ಬದಿಗಿಟ್ಟು ವೈದ್ಯರನ್ನು ನೋಡಿ. ಥೈರಾಯ್ಡ್ ಅತಿಯಾಗಿರುವುದರಿಂದ ಹಿಡಿದು ಕ್ಯಾನ್ಸರ್‌ವರೆಗೆ ಕಾರಣ ಏನೂ ಇರಬಹುದು.

ಹಂತ 2: ಬೇರೆ ಕಾರಣಗಳನ್ನು ಮೊದಲು ತೆಗೆದುಹಾಕಿ

ನೀವು ನುಂಗುತ್ತಿರುವ ಎಲ್ಲ ಔಷಧಿಗಳ ಪಟ್ಟಿ ಬರೆಯಿರಿ. ಪೌಡರ್, ಕ್ಯಾಪ್ಸೂಲ್, ಪರಿಚಯದವರು ಕೊಟ್ಟ ಪುಡಿ, ಎಲ್ಲವೂ ಪಟ್ಟಿಯಲ್ಲಿರಲಿ. ಸ್ಟೀರಾಯ್ಡ್, ಇನ್ಸುಲಿನ್, ಸಲ್ಫೊನೈಲ್‌ಯೂರಿಯಾ ಗುಂಪಿನ ಸಕ್ಕರೆ ಮಾತ್ರೆ, ಮಿರ್ಟಾಜಪಿನ್‌ನಂಥ ಖಿನ್ನತೆಯ ಮಾತ್ರೆ, ಮಾನಸಿಕ ಕಾಯಿಲೆಯ ಓಲಾಂಜಪಿನ್, ಮೂರ್ಛೆರೋಗದ ವ್ಯಾಲ್‌ಪ್ರೊಯೇಟ್, ನರನೋವಿನ ಗ್ಯಾಬಪೆಂಟಿನ್, ರಕ್ತದೊತ್ತಡ-ಹೃದಯಕ್ಕೆ ಕೊಡುವ ಕೆಲವು ಬೀಟಾ ಬ್ಲಾಕರ್‌ಗಳು ತೂಕ ಏರಿಸಬಲ್ಲವು. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರಿಗೆ ಪಟ್ಟಿ ತೋರಿಸಿ ಬದಲಿ ಇದೆಯೇ ಎಂದು ಕೇಳಿ. ಬಹಳ ಸಲ ಇರುತ್ತದೆ.

ಜೋರಾಗಿ ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಹಗಲಿಡೀ ತೂಕಡಿಕೆ ಇದ್ದರೆ ಸ್ಲೀಪ್ ಆಪ್ನಿಯಾ ಇರಬಹುದು. ಇದರಲ್ಲಿ ನಿದ್ದೆಯಲ್ಲಿ ಉಸಿರ್ದಾರಿ ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತದೆ. ಅದರ ಆಯಾಸವನ್ನೇ ಎಷ್ಟೋ ಗಂಡಸರು ಟೆಸ್ಟೋಸ್ಟೆರಾನ್ ಕೊರತೆಯೆಂದು ತಿಳಿಯುತ್ತಾರೆ.

ರಕ್ತಪರೀಕ್ಷೆಗೆ ಈಗ ಬನ್ನಿ. ಸಾಮಾನ್ಯವಾಗಿ ಬೇಕಾಗುವವು: ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ (5.7ರಿಂದ 6.4 ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಕಾಯಿಲೆ), ಕೊಲೆಸ್ಟರಾಲ್, ಯಕೃತ್ತು-ಮೂತ್ರಪಿಂಡಗಳ ಪರೀಕ್ಷೆ, ಟಿಎಸ್‌ಎಚ್. ಈ ಕೊನೆಯದು ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡಲು ಮಿದುಳಿನ ಪಿಟ್ಯುಟರಿ ಗ್ರಂಥಿ ಕೊಡುವ ಸೂಚನೆ. ಥೈರಾಯ್ಡ್ ಮಂದವಾದಷ್ಟೂ ಟಿಎಸ್‌ಎಚ್ ಏರುತ್ತದೆ.

ಥೈರಾಯ್ಡ್ ವಿಷಯದಲ್ಲಿ ಮೂರು ಮಾತು ನೆನಪಿರಲಿ. ಕೊರತೆ ಇದ್ದರೂ ಅದರಿಂದ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕಿಲೋ ಮಾತ್ರ, ಅದರಲ್ಲೂ ಹೆಚ್ಚಿನದು ದೇಹದಲ್ಲಿ ನಿಂತ ಉಪ್ಪು-ನೀರು. 15 ಕಿಲೋ ಹೆಚ್ಚಳಕ್ಕೆ ಥೈರಾಯ್ಡನ್ನೊಂದನ್ನೇ ದೂರಲಾಗದು. ಎರಡನೆಯದು, ಥೈರಾಯ್ಡ್ ಸರಿಯಿರುವವರು ತೂಕ ಇಳಿಸಲೆಂದು ಲೆವೊಥೈರಾಕ್ಸಿನ್ ಎಂಬ ಥೈರಾಯ್ಡ್ ಮಾತ್ರೆ ನುಂಗಿದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಆ ಮಾತ್ರೆಯನ್ನು ಬೊಜ್ಜಿಗೆ ಬಳಸಬಾರದೆಂಬ ಎಚ್ಚರಿಕೆ ಅದರ ಮಾಹಿತಿ ಪತ್ರದಲ್ಲೇ ಇದೆ. ಮೂರನೆಯದು, ಕೂದಲು-ಉಗುರಿಗೆಂದು ಬಯೋಟಿನ್ ತಗೊಳ್ಳುತ್ತಿದ್ದರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವೇ ತಪ್ಪಾಗಬಹುದು. ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ. ವಯಸ್ಸಾದಂತೆ ಟಿಎಸ್‌ಎಚ್ ತುಸು ಏರುವುದು ಸಹಜ. 65 ದಾಟಿದವರಲ್ಲಿ ಅಲ್ಪ ಏರಿಕೆಗೆಲ್ಲ ಮಾತ್ರೆ ಕೊಟ್ಟರೆ ಲಕ್ಷಣಗಳಲ್ಲಿ ಲಾಭ ಕಾಣಲಿಲ್ಲ ಎಂದು 2017ರಲ್ಲಿ ಪ್ರಕಟವಾದ ಟ್ರಸ್ಟ್ ಎಂಬ ಪ್ರಯೋಗ ತೋರಿಸಿದೆ.

ಹಂತ 3: ಸ್ನಾಯು ಉಳಿಸಿಕೊಂಡು ಕೊಬ್ಬು ಇಳಿಸಿ

ಈ ಹಂತವನ್ನು ಹಾರಿಸಿ ಮುಂದೆ ಹೋಗುವವರೇ ಜಾಸ್ತಿ. ಮುಂದೆ ನೀವು ಯಾವ ಚಿಕಿತ್ಸೆಗೆ ಹೋದರೂ ಅದು ನಿಲ್ಲುವುದು ಇದರ ಮೇಲೆ. ದಯವಿಟ್ಟು ಇಲ್ಲಿ ಸ್ವಲ್ಪ ನಿಧಾನಿಸಿ.

ಗುರಿ ಸಣ್ಣದಿರಲಿ: ಈಗಿನ ತೂಕದ ಶೇ. 5ರಿಂದ 10, ಆರು ತಿಂಗಳಲ್ಲಿ. ಇಷ್ಟರಿಂದ ಏನಾಗುತ್ತದೆ ಎನ್ನಬೇಡಿ. ಅಮೆರಿಕದಲ್ಲಿ ನಡೆದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಮ್ ಎಂಬ ದೊಡ್ಡ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ಶೇ. 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ಚಟುವಟಿಕೆಯ ಗುರಿ ಕೊಟ್ಟವರಲ್ಲಿ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಶೇ. 58ರಷ್ಟು ತಗ್ಗಿತು. 60 ದಾಟಿದವರಲ್ಲಿ ಇನ್ನೂ ಹೆಚ್ಚು, ಶೇ. 71. ತಡವಾಯಿತು ಎಂದು ಕೈಬಿಡುವವರು ಈ ಅಂಕಿಯನ್ನು ಇನ್ನೊಮ್ಮೆ ಓದಿ.

ಊಟದಲ್ಲಿ ದಿನಕ್ಕೆ ಸುಮಾರು 500 ಕ್ಯಾಲರಿ ತಗ್ಗಿಸಿದರೆ ಸಾಕು. ಸಿಹಿ ಪಾನೀಯ, ಕರಿದದ್ದು, ಮದ್ಯ, ಎರಡನೇ ಸಲ ಬಡಿಸಿಕೊಳ್ಳುವುದು ಇವನ್ನು ಬಿಟ್ಟರೆ ಹಲವರಿಗೆ ಅಷ್ಟು ತಾನಾಗಿ ತಗ್ಗುತ್ತದೆ. ಪ್ರೋಟೀನ್ ಮಾತ್ರ ತಗ್ಗಿಸಬೇಡಿ. 65 ದಾಟಿದವರಿಗೆ ತಜ್ಞರ ಸಲಹೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ. 60 ಕಿಲೋ ಇರುವವರಿಗೆ 60ರಿಂದ 72 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಲೆಕ್ಕ ಹಾಕಿ ನೋಡಿದರೆ ನಮ್ಮಲ್ಲಿ ಬಹುತೇಕರು ಎಷ್ಟು ಹಿಂದಿದ್ದೇವೆ ಎಂದು ಗೊತ್ತಾಗುತ್ತದೆ. ಬೇಳೆ, ಕಾಳು, ಮೊಟ್ಟೆ, ಹಾಲು-ಮೊಸರು, ಮೀನು, ಮಾಂಸ, ಸೋಯಾ ಇವುಗಳಲ್ಲಿ ನಿಮಗೆ ಒಗ್ಗುವುದನ್ನು ಮೂರೂ ಹೊತ್ತಿಗೆ ಹಂಚಿಕೊಳ್ಳಿ. ಎಲ್ಲವನ್ನೂ ರಾತ್ರಿ ಒಂದೇ ಹೊತ್ತಿಗೆ ತುಂಬಿಕೊಳ್ಳುವುದು ಬೇಡ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಇನ್ನು ವ್ಯಾಯಾಮ. "ದಿನಾ ವಾಕಿಂಗ್ ಹೋಗುತ್ತೇನಲ್ಲ" ಎನ್ನುತ್ತೀರಿ. ಒಳ್ಳೆಯದು, ಬಿಡಬೇಡಿ. ಆದರೆ ನಡಿಗೆಯೊಂದೇ ಸ್ನಾಯುವನ್ನು ಉಳಿಸುವುದಿಲ್ಲ. 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 65 ದಾಟಿದ, ಬೊಜ್ಜಿರುವ 160 ಜನರನ್ನು ಗುಂಪು ಮಾಡಿ, ಕೆಲವರಿಗೆ ಪಥ್ಯದ ಜೊತೆ ನಡಿಗೆಯಂಥ ಏರೋಬಿಕ್ ವ್ಯಾಯಾಮ, ಕೆಲವರಿಗೆ ಭಾರ ಎತ್ತುವುದು, ಕೆಲವರಿಗೆ ಎರಡೂ ಕೊಟ್ಟರು. ಮೂರೂ ಗುಂಪಿನಲ್ಲಿ ತೂಕ ಹೆಚ್ಚುಕಡಿಮೆ ಸಮಾನವಾಗಿ, ಶೇ. 9ರಷ್ಟು ಇಳಿಯಿತು. ಆದರೆ ಏರೋಬಿಕ್ ಮಾತ್ರ ಮಾಡಿದವರು ಕೊಬ್ಬಿಲ್ಲದ ಅಂಗಾಂಶವನ್ನು ಶೇ. 5ರಷ್ಟು ಕಳೆದುಕೊಂಡರು, ಭಾರ ಎತ್ತಿದವರು ಶೇ. 2ರಷ್ಟು ಮಾತ್ರ. ಎದ್ದು ಕೂತು ಓಡಾಡುವ ಸಾಮರ್ಥ್ಯ ಎರಡನ್ನೂ ಮಾಡಿದವರಲ್ಲಿ ಎಲ್ಲರಿಗಿಂತ ಹೆಚ್ಚಿತು. ತೂಕದ ಯಂತ್ರ ಈ ವ್ಯತ್ಯಾಸವನ್ನು ತೋರಿಸುವುದೇ ಇಲ್ಲ.

ಆದ್ದರಿಂದ ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ, ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಭಾರದ ಕೆಲಸ. 65 ದಾಟಿದ್ದರೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಭಾರದ ಕೆಲಸಕ್ಕೆ ಜಿಮ್ಮೇ ಬೇಕೆಂದಿಲ್ಲ: ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ, ಮೆಟ್ಟಿಲು, ಎಳೆಯುವ ರಬ್ಬರ್ ಪಟ್ಟಿ, ನೀರು ತುಂಬಿದ ಬಾಟಲಿ. ಎಂಟರಿಂದ ಹನ್ನೆರಡು ಸಲ ಮಾಡಿದಾಗ ಕೊನೆಯ ಎರಡು ಕಷ್ಟವೆನಿಸಬೇಕು. ಸುಲಭವಾದರೆ ಭಾರ ಏರಿಸಿ. ವರ್ಷಗಟ್ಟಲೆ ಅದೇ ಹಗುರ ಡಂಬೆಲ್ ಹಿಡಿದು ಕೈ ಆಡಿಸುವುದು ಇಲ್ಲಿ ಬಹಳ ಜನ ಮಾಡುವ ತಪ್ಪು.

ಎಚ್ಚರಿಕೆ: ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬೇಡಿ, ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಮೂಳೆ ಸವೆತ ಇದ್ದವರು ಬೆನ್ನನ್ನು ಮುಂದಕ್ಕೆ ಬಾಗಿಸಿ ಮಾಡುವ ವ್ಯಾಯಾಮ ಬಿಡಬೇಕು. ಎದೆನೋವು, ಏದುಸಿರು ಇದ್ದರೆ ಮೊದಲು ಹೃದಯದ ಪರೀಕ್ಷೆ. ದಿನಕ್ಕೆ 800 ಕ್ಯಾಲರಿಗಿಂತ ಕಡಿಮೆಯ ಪಥ್ಯವನ್ನು ವೈದ್ಯರ ನಿಗಾ ಇಲ್ಲದೆ ಮಾಡಲೇಬಾರದು.

ಹಂತ 4: ಹೆಂಗಸರಿಗೆ – ಮುಟ್ಟು ನಿಲ್ಲುವ ಕಾಲದ ಹಾರ್ಮೋನ್ ಚಿಕಿತ್ಸೆ

ಸತತ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಯಿತು ಎನ್ನುತ್ತಾರೆ. ಅದಕ್ಕೂ ಮುಂಚಿನ ಕೆಲವು ವರ್ಷ ಮುಟ್ಟು ಏರುಪೇರಾಗಿ, ಮೈ ಬಿಸಿಯಾಗಿ ಬೆವರುವುದು, ನಿದ್ದೆ ಕೆಡುವುದು, ಸಿಡಿಮಿಡಿ, ಯೋನಿಯ ಒಣಗುವಿಕೆ ಕಾಣಿಸುತ್ತವೆ. 45 ದಾಟಿದವರಲ್ಲಿ ಈ ಲಕ್ಷಣಗಳಿದ್ದರೆ ಹಾರ್ಮೋನ್ ಪರೀಕ್ಷೆಯ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ, ಏಕೆಂದರೆ ಮಟ್ಟ ದಿನದಿಂದ ದಿನಕ್ಕೆ ಏರಿಳಿಯುತ್ತಿರುತ್ತದೆ. ನಿಮ್ಮ ಅನುಭವದ ವಿವರಣೆಯೇ ರೋಗನಿರ್ಣಯ.

ಚಿಕಿತ್ಸೆ ಯಾಕೆ? ಮೈ ಬಿಸಿಯೇರುವುದನ್ನು ಇಷ್ಟು ಚೆನ್ನಾಗಿ ತಗ್ಗಿಸುವ ಬೇರೆ ಔಷಧಿ ಇಲ್ಲ, ಸುಮಾರು ಮುಕ್ಕಾಲು ಪಾಲು ಕಡಿಮೆಯಾಗುತ್ತದೆ. ಮೂಳೆ ಸವೆತವನ್ನೂ ತಡೆಯುತ್ತದೆ. ತೂಕದ ವಿಷಯಕ್ಕೆ ಬಂದರೆ, ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದಾಗ ಹಾರ್ಮೋನ್ ಚಿಕಿತ್ಸೆಯಿಂದ ತೂಕ ಹೆಚ್ಚುತ್ತದೆ ಎಂಬುದಕ್ಕೂ ಇಳಿಯುತ್ತದೆ ಎಂಬುದಕ್ಕೂ ಆಧಾರ ಸಿಗಲಿಲ್ಲ. ಹೊಟ್ಟೆಯಲ್ಲಿ ಸೇರುವ ಕೊಬ್ಬು ತುಸು ತಗ್ಗಬಹುದು. ರಾತ್ರಿ ಬೆವರು ನಿಂತು ನಿದ್ದೆ ಬಂದರೆ ಹಂತ 3ನ್ನು ಮಾಡುವ ಚೈತನ್ಯ ಬರುತ್ತದೆ. ತೂಕಕ್ಕೆ ಇದರಿಂದ ಸಿಗುವ ದೊಡ್ಡ ಸಹಾಯ ಇದೇ ಎಂದು ನನ್ನ ಅನಿಸಿಕೆ.

ಭಯದ ಮಾತು. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ಪ್ರಯೋಗದ ಒಂದು ಭಾಗವನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾರ್ಮೋನಿನಂತೆ ಕೆಲಸ ಮಾಡುವ ಕೃತಕ ಔಷಧಿ) ಎರಡನ್ನೂ ತೆಗೆದುಕೊಂಡ 10,000 ಮಹಿಳೆಯರಲ್ಲಿ ವರ್ಷಕ್ಕೆ 8 ಸ್ತನ ಕ್ಯಾನ್ಸರ್, 8 ಪಾರ್ಶ್ವವಾಯು, 7 ಹೃದ್ರೋಗದ ಪ್ರಕರಣ ಹೆಚ್ಚಾಗಿ ಕಂಡವು. ಸೊಂಟದ ಮೂಳೆ ಮುರಿತ 5 ಕಡಿಮೆಯಾಯಿತು. ಸುದ್ದಿ ಹರಡಿ ಜಗತ್ತಿನಾದ್ಯಂತ ಹೆಂಗಸರು ಮಾತ್ರೆ ಬಿಟ್ಟರು. ಆದರೆ ಆ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63, ಅಂದರೆ ಬಹುಪಾಲು ಜನರಿಗೆ ಮುಟ್ಟು ನಿಂತು ಹಲವು ವರ್ಷಗಳಾಗಿದ್ದವು. ಕೊಟ್ಟದ್ದು ಹಳೆಯ ಬಗೆಯ ಮಾತ್ರೆ. ನಂತರದ ವಿಶ್ಲೇಷಣೆಗಳನ್ನು ನೋಡಿ ತಜ್ಞ ಸಂಘಗಳು ಈಗ ಹೇಳುವುದು ಹೀಗೆ: 60 ವರ್ಷದೊಳಗೆ ಅಥವಾ ಮುಟ್ಟು ನಿಂತ 10 ವರ್ಷದೊಳಗೆ, ತೊಂದರೆ ಕೊಡುವ ಲಕ್ಷಣಗಳಿಗಾಗಿ ಶುರು ಮಾಡಿದರೆ ಬಹುತೇಕರಿಗೆ ಲಾಭವೇ ಹೆಚ್ಚು. ಲಕ್ಷಣ ಏನೂ ಇಲ್ಲದೆ, ಮುಂದೆ ಕಾಯಿಲೆ ಬಾರದಿರಲಿ ಎಂದಷ್ಟೇ ತೆಗೆದುಕೊಳ್ಳುವುದನ್ನು ಅಮೆರಿಕದ ರೋಗ ತಡೆ ಸೇವೆಗಳ ಕಾರ್ಯಪಡೆ 2022ರಲ್ಲೂ ಬೇಡವೆಂದಿದೆ.

ವೈದ್ಯರ ಬಳಿ ಹೋದಾಗ ಇವನ್ನು ಮುಚ್ಚಿಡದೆ ಹೇಳಿ: ಸ್ತನ ಅಥವಾ ಗರ್ಭಕೋಶದ ಕ್ಯಾನ್ಸರ್, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು, ಹೃದಯಾಘಾತ, ಯಕೃತ್ತಿನ ಕಾಯಿಲೆ, ಕಾರಣ ತಿಳಿಯದ ರಕ್ತಸ್ರಾವ. ಇವುಗಳಲ್ಲಿ ಯಾವುದಾದರೂ ಇದ್ದರೆ ಸಾಮಾನ್ಯವಾಗಿ ಹಾರ್ಮೋನ್ ಬೇಡ. ಮೈ ಬಿಸಿಗೆ ಫೆಜೊಲಿನೆಟೆಂಟ್‌ನಂಥ ಹಾರ್ಮೋನೇತರ ಮಾತ್ರೆಗಳು ಬಂದಿವೆ, ಅವನ್ನು ಕೇಳಿ.

ಆಯ್ಕೆಯಲ್ಲಿ ತಿಳಿದಿರಬೇಕಾದ್ದು: ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳಬಾರದು, ಗರ್ಭಕೋಶದ ಒಳಪದರ ದಪ್ಪವಾಗಿ ಕ್ಯಾನ್ಸರ್ ಬರಬಹುದು. ಜೊತೆಗೆ ಪ್ರೊಜೆಸ್ಟರಾನ್ ಇರಲೇಬೇಕು. ಚರ್ಮಕ್ಕೆ ಅಂಟಿಸುವ ಪ್ಯಾಚ್ ಅಥವಾ ಹಚ್ಚುವ ಜೆಲ್ ಯಕೃತ್ತಿನ ಮೂಲಕ ಹಾಯದೆ ನೇರ ರಕ್ತಕ್ಕೆ ಸೇರುವುದರಿಂದ ಮಾತ್ರೆಗಿಂತ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ. ತೂಕ ಹೆಚ್ಚಿರುವವರು ಇದನ್ನು ವಿಶೇಷವಾಗಿ ಕೇಳಿ, ಏಕೆಂದರೆ ಬೊಜ್ಜು ಕೂಡ ರಕ್ತ ಹೆಪ್ಪುಗಟ್ಟಿಸುವ ಕಾರಣಗಳಲ್ಲೊಂದು. ಯೋನಿಯ ಒಣಗುವಿಕೆ ಮಾತ್ರ ತೊಂದರೆಯಾಗಿದ್ದರೆ ಅಲ್ಲಿಗಷ್ಟೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಸಾಕು. ಎಷ್ಟೋ ಹೆಂಗಸರು ಸಂಕೋಚದಿಂದ ಇದನ್ನು ಹೇಳದೆ ವರ್ಷಗಟ್ಟಲೆ ನರಳುತ್ತಾರೆ. ಹೇಳಿ, ಸುಲಭದ ಪರಿಹಾರ ಇದೆ.

ಸಾಮಾನ್ಯ ತಪ್ಪುಗಳು: ಈ ಚಿಕಿತ್ಸೆ ಗರ್ಭನಿರೋಧಕ ಎಂದುಕೊಳ್ಳುವುದು. ಅದು ಗರ್ಭ ತಡೆಯುವುದಿಲ್ಲ. ಕೊನೆಯ ಮುಟ್ಟು 50ರ ನಂತರ ಆಗಿದ್ದರೆ ಒಂದು ವರ್ಷ, 50ಕ್ಕೆ ಮುಂಚೆಯೇ ಆಗಿದ್ದರೆ ಎರಡು ವರ್ಷ ಎಚ್ಚರ ಬೇಕು. ಇನ್ನೊಂದು, ಮುಟ್ಟು ನಿಂತು ವರ್ಷವಾದ ಮೇಲೆ ಕಂಡ ರಕ್ತವನ್ನು ಕಡೆಗಣಿಸುವುದು. ಒಂದು ಹನಿಯಾದರೂ ಪರೀಕ್ಷೆ ಆಗಲೇಬೇಕು.

40ಕ್ಕೆ ಮುಂಚೆಯೇ ಮುಟ್ಟು ನಿಂತವರ ವಿಷಯ ಪೂರ್ತಿ ಬೇರೆ. ಅಂಡಾಶಯ ತೆಗೆಸಿಕೊಂಡವರೂ ಇದರಲ್ಲಿ ಸೇರುತ್ತಾರೆ. ವಿರುದ್ಧ ಕಾರಣ ಇಲ್ಲದಿದ್ದರೆ, ಮೂಳೆ ಮತ್ತು ಹೃದಯದ ರಕ್ಷಣೆಗಾಗಿ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ತೆಗೆದುಕೊಳ್ಳಬೇಕೆಂಬುದೇ ಸಲಹೆ. ಹಿರಿಯ ವಯಸ್ಸಿನ ಅಧ್ಯಯನಗಳ ಭಯವನ್ನು ಇವರ ಮೇಲೆ ಹೇರಬಾರದು.

ಹಂತ 5: ಗಂಡಸರಿಗೆ – ಟೆಸ್ಟೋಸ್ಟೆರಾನ್

ಗಂಡಸರಲ್ಲಿ ಇದು ಒಮ್ಮೆಲೇ ನಿಲ್ಲುವುದಿಲ್ಲ, ನಡುವಯಸ್ಸಿನಿಂದ ವರ್ಷಕ್ಕೆ ಸುಮಾರು ಶೇ. 1ರಂತೆ ಜಾರುತ್ತದೆ. ಆಯಾಸವೊಂದೇ ಕೊರತೆಯ ಗುರುತಲ್ಲ. ಲೈಂಗಿಕ ಆಸಕ್ತಿ ಕುಂದುವುದು, ಬೆಳಗಿನ ನಿಮಿರುವಿಕೆ ಇಲ್ಲವಾಗುವುದು, ಮೈ-ಮುಖದ ಕೂದಲು ಕಡಿಮೆಯಾಗುವುದು ಇವು ಹೆಚ್ಚು ನಂಬಬಹುದಾದ ಲಕ್ಷಣಗಳು.

ಪರೀಕ್ಷೆಯ ನಿಯಮ ಕಟ್ಟುನಿಟ್ಟು: ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ. ಸಂಜೆ ಕೊಟ್ಟ ಒಂದು ರಕ್ತದ ಮಾದರಿ ನೋಡಿ ಜೀವಮಾನದ ಚಿಕಿತ್ಸೆ ಶುರು ಮಾಡುವವರ ಬಳಿ ನಿಲ್ಲಬೇಡಿ. ಅಮೆರಿಕದ ಮೂತ್ರರೋಗ ತಜ್ಞರ ಸಂಘ ಹಾಕಿರುವ ಗೆರೆ ಡೆಸಿಲೀಟರಿಗೆ 300 ನ್ಯಾನೋಗ್ರಾಂ. ಲಕ್ಷಣವೂ ಇದ್ದು, ಎರಡೂ ಸಲ ಇದಕ್ಕಿಂತ ಕಡಿಮೆ ಬಂದರೆ ಮಾತ್ರ ಮುಂದಿನ ಮಾತು.

ಇಲ್ಲಿ ಬಹಳ ಗಂಡಸರಿಗೆ ಗೊತ್ತಿಲ್ಲದ ಒಳ್ಳೆಯ ಸಂಗತಿ ಇದೆ. ಬೊಜ್ಜೇ ಟೆಸ್ಟೋಸ್ಟೆರಾನನ್ನು ತಗ್ಗಿಸುತ್ತದೆ. ತೂಕ ಇಳಿದರೆ ಅದು ತಾನಾಗಿ ಏರುತ್ತದೆ. ಹಾಗಾಗಿ ಗೆರೆಯ ಆಸುಪಾಸಿನಲ್ಲಿರುವವರು ಮೊದಲು ಆರು ತಿಂಗಳು ಹಂತ 3ನ್ನು ಮನಸ್ಸಿಟ್ಟು ಮಾಡಿ ಮತ್ತೆ ಪರೀಕ್ಷಿಸಿಕೊಳ್ಳಿ.

ಹೃದಯದ ಅಪಾಯವಿದ್ದ ಐದು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಟ್ರಾವರ್ಸ್ ಎಂಬ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಕೊರತೆ ಇರುವವರಿಗೆ ಜೆಲ್ ಕೊಟ್ಟಾಗ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಆದರೆ ಹೃದಯ ಬಡಿತದ ತಾಳ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಮೂತ್ರಪಿಂಡಕ್ಕೆ ಹಠಾತ್ ಹಾನಿ ತುಸು ಹೆಚ್ಚಾದವು. ಮೂಳೆ ಮುರಿತವೂ ಜೆಲ್ ಹಚ್ಚಿಕೊಂಡವರಲ್ಲೇ ಹೆಚ್ಚು ಕಂಡಿತು.

ಮೂರು ಎಚ್ಚರಿಕೆ. ಮಕ್ಕಳು ಬೇಕೆನ್ನುವವರು ಟೆಸ್ಟೋಸ್ಟೆರಾನ್ ಮುಟ್ಟಬಾರದು, ಹೊರಗಿಂದ ಕೊಟ್ಟಾಗ ವೀರ್ಯಾಣು ಉತ್ಪತ್ತಿ ನಿಲ್ಲುತ್ತದೆ. ರಕ್ತ ಗಟ್ಟಿಯಾಗುತ್ತದೆ: ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇ. 54 ಮೀರಿದರೆ ನಿಲ್ಲಿಸಬೇಕು. ಜೆಲ್ ಹಚ್ಚಿದ ಜಾಗ ಮಕ್ಕಳಿಗೆ, ಹೆಂಡತಿಗೆ ತಾಗಬಾರದು. ಅವರ ಚರ್ಮದ ಮೂಲಕ ಒಳಹೋಗಿ ತೊಂದರೆ ಮಾಡುತ್ತದೆ. ಹಚ್ಚಿದ ಮೇಲೆ ಕೈ ತೊಳೆದು ಆ ಜಾಗವನ್ನು ಬಟ್ಟೆಯಿಂದ ಮುಚ್ಚಿ.

ಹಂತ 6: ವಾರದ ಇಂಜೆಕ್ಷನ್‌ಗಳು

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಕೂಡ ಒಂದರ್ಥದಲ್ಲಿ ಹಾರ್ಮೋನ್ ಚಿಕಿತ್ಸೆಯೇ. ಊಟವಾದ ಮೇಲೆ ಕರುಳು ಸ್ರವಿಸುವ ಜಿಎಲ್‌ಪಿ-1 ಎಂಬ ಹಾರ್ಮೋನಿನಂತೆ ಇವು ಕೆಲಸ ಮಾಡಿ ಹಸಿವು ತಗ್ಗಿಸುತ್ತವೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ಮೇಲಿನ ಹಾರ್ಮೋನ್‌ಗಳಂತಲ್ಲದೆ ಇವು ನಿಜಕ್ಕೂ ತೂಕ ಇಳಿಸುತ್ತವೆ. 2021ರ ಪ್ರಯೋಗದಲ್ಲಿ ಸೆಮಾಗ್ಲುಟೈಡ್‌ನಿಂದ 68 ವಾರದಲ್ಲಿ ಸರಾಸರಿ ಶೇ. 14.9 ಇಳಿಯಿತು. ಬೊಜ್ಜಿನ ಜೊತೆ ಸಕ್ಕರೆ, ಹೃದ್ರೋಗ, ಸ್ಲೀಪ್ ಆಪ್ನಿಯಾ ಇರುವವರಿಗೆ ಇದು ದೊಡ್ಡ ವರ. ಐದು ಕಿಲೋ ಇಳಿಸಿಕೊಳ್ಳಲು ಮಾತ್ರ ಇದು ಬೇಡ.

ನಿಲ್ಲಿಸಿದರೆ ತೂಕ ಮರಳುತ್ತದೆ. ಅದೇ ಪ್ರಯೋಗದವರು ನಿಲ್ಲಿಸಿದ ಒಂದೇ ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಪಾಲನ್ನು ಮತ್ತೆ ಏರಿಸಿಕೊಂಡರು. ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಏರುವಾಗ ಬರುವುದು ಹೆಚ್ಚಾಗಿ ಕೊಬ್ಬೇ. 60 ದಾಟಿದವರಿಗೆ ಇದು ನಷ್ಟದ ವ್ಯಾಪಾರ. ಆದ್ದರಿಂದ ಇಂಜೆಕ್ಷನ್ ಶುರು ಮಾಡುವ ದಿನವೇ ಪ್ರೋಟೀನ್ ಮತ್ತು ಭಾರದ ವ್ಯಾಯಾಮವೂ ನಡೆಯುತ್ತಿರಬೇಕು. ಥೈರಾಯ್ಡಿನ ಮೆಡ್ಯುಲರಿ ಎಂಬ ಬಗೆಯ ಕ್ಯಾನ್ಸರ್ ನಿಮಗೆ ಅಥವಾ ಮನೆತನದಲ್ಲಿ ಯಾರಿಗಾದರೂ ಇದ್ದರೆ ಇವು ನಿಷಿದ್ಧ. ಪ್ಯಾಂಕ್ರಿಯಾಸ್ ಉರಿಯೂತ, ಪಿತ್ತಕೋಶದ ಕಲ್ಲು ಆಗಿದ್ದರೆ ಮುಂಚಿತವಾಗಿ ಹೇಳಿ. ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ವೈದ್ಯರಿಗೆ ತಿಳಿಸಲೇಬೇಕು. ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಪ್ರಭಾವವನ್ನು ಕುಗ್ಗಿಸಬಹುದು. ಮಾತ್ರೆಯ ರೂಪದಲ್ಲಿ ಹಾರ್ಮೋನ್ ತೆಗೆದುಕೊಳ್ಳುವವರೂ ಈ ಬಗ್ಗೆ ಕೇಳಿಕೊಳ್ಳಬೇಕು.

ನಕಲಿ ಸೆಮಾಗ್ಲುಟೈಡ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಎಚ್ಚರಿಕೆ ಕೊಟ್ಟಿದೆ. ವೈದ್ಯರ ಚೀಟಿ ಕೇಳದೆ ಮಾರುವ ಕಡೆ ಕೊಳ್ಳಲೇಬೇಡಿ.

ಹಂತ 7: ಇವಕ್ಕೆ ಬೇಡ ಎನ್ನಿ

ಗ್ರೋತ್ ಹಾರ್ಮೋನ್: 1990ರಲ್ಲಿ 60 ದಾಟಿದ ಹನ್ನೆರಡು ಗಂಡಸರಿಗೆ ಕೊಟ್ಟ ಪುಟ್ಟ ಪ್ರಯೋಗದಲ್ಲಿ ಸ್ನಾಯು ಹೆಚ್ಚಿ ಕೊಬ್ಬು ತಗ್ಗಿತು. ಯೌವನ ಮರಳಿಸುವ ಇಂಜೆಕ್ಷನ್ ಎಂಬ ವ್ಯಾಪಾರ ಬೆಳೆದದ್ದು ಅದರ ಮೇಲೆಯೇ. ನಂತರದ ಅಧ್ಯಯನಗಳಲ್ಲಿ ಬಲ ಹೆಚ್ಚಲಿಲ್ಲ, ಕೈಕಾಲು ಊತ, ಕೀಲುನೋವು, ಸಕ್ಕರೆ ಏರುವುದು ಕಂಡಿತು. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಸ್ರವಿಸುವ ಡಿಎಚ್‌ಇಎ ಎಂಬ ಹಾರ್ಮೋನಿನ ಮಾತ್ರೆಯನ್ನು ಎರಡು ವರ್ಷ ಕೊಟ್ಟು ನೋಡಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು, ಸ್ನಾಯುಬಲಕ್ಕಾಗಲಿ ಜೀವನದ ಗುಣಮಟ್ಟಕ್ಕಾಗಲಿ ಲಾಭವಾಗಲಿಲ್ಲ.

"ನಿಮ್ಮ ದೇಹಕ್ಕೆಂದೇ ತಯಾರಿಸಿದ ನೈಸರ್ಗಿಕ ಹಾರ್ಮೋನ್" ಎಂದು ಚರ್ಮದಡಿ ಹುದುಗಿಸುವ ಗುಳಿಗೆಗಳನ್ನು ಮಾರುವವರಿದ್ದಾರೆ. ಪ್ರಮಾಣ ಎಷ್ಟೆಂಬ ಖಾತರಿ ಇಲ್ಲ, ಹಾಕಿದ ಮೇಲೆ ತೆಗೆಯುವುದೂ ಕಷ್ಟ. ದೇಹದ ಹಾರ್ಮೋನಿನ ರಚನೆಯೇ ಇರುವ ಈಸ್ಟ್ರಡಯಾಲ್ (ಈಸ್ಟ್ರೋಜನ್‌ನ ಒಂದು ರೂಪ) ಮತ್ತು ಪ್ರೊಜೆಸ್ಟರಾನ್ ಅನುಮೋದಿತ ಔಷಧಿಗಳಾಗಿಯೇ ಸಿಗುತ್ತವೆ. ಹೆಂಗಸರಿಗೆ ಶಕ್ತಿ ಬರಲಿ, ತೂಕ ಇಳಿಯಲಿ ಎಂದು ಟೆಸ್ಟೋಸ್ಟೆರಾನ್ ಕೊಡುವುದಕ್ಕೂ ಆಧಾರವಿಲ್ಲ. "ಅಡ್ರಿನಲ್ ಸುಸ್ತು" ಎಂಬುದು ಹಾರ್ಮೋನ್ ತಜ್ಞರು ಒಪ್ಪಿದ ಕಾಯಿಲೆಯಲ್ಲ. ಅದರ ಹೆಸರಿನಲ್ಲಿ ಪ್ಯಾಕೇಜ್ ಮಾರಿದರೆ ಎದ್ದು ಬನ್ನಿ.

ಹಂತ 8: ಶುರುವಾದ ಮೇಲೆ

ಮೊದಲ ಭೇಟಿ ಸಾಮಾನ್ಯವಾಗಿ ಮೂರು ತಿಂಗಳಿಗೆ, ನಂತರ ವರ್ಷಕ್ಕೊಮ್ಮೆಯಾದರೂ. ಹೆಂಗಸರು ರಕ್ತದೊತ್ತಡ, ಸ್ತನದ ತಪಾಸಣೆ, ರಕ್ತಸ್ರಾವದ ವಿವರ ಇಟ್ಟುಕೊಳ್ಳಿ. ಗಂಡಸರು ಹೆಮಟೋಕ್ರಿಟ್ ಮತ್ತು ಪ್ರಾಸ್ಟೇಟ್ ಗ್ರಂಥಿಯ ಪಿಎಸ್‌ಎ ಪರೀಕ್ಷೆ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ, ಕಬ್ಬಿಣ-ಕ್ಯಾಲ್ಸಿಯಂ ಮಾತ್ರೆಗಳಿಂದ ನಾಲ್ಕು ಗಂಟೆ ಅಂತರದಲ್ಲಿ ಇರಲಿ. ಪ್ರತಿ ಭೇಟಿಯಲ್ಲೂ ಕೇಳಿ: "ಯಾವ ಲಕ್ಷಣಕ್ಕಾಗಿ ಇದನ್ನು ತೆಗೆದುಕೊಳ್ಳುತ್ತಿದ್ದೇನೆ, ಅದು ತಗ್ಗಿದೆಯೇ, ಇನ್ನೂ ಬೇಕೇ?" ಇಷ್ಟೇ ವರ್ಷಕ್ಕೆ ನಿಲ್ಲಿಸಬೇಕೆಂಬ ಕಟ್ಟುಪಾಡು ಇಲ್ಲ, ಆದರೆ ಕೇಳದೆ ಮುಂದುವರಿಸುವುದೂ ಸರಿಯಲ್ಲ. ಟೇಪಿನ ಅಳತೆಯನ್ನು ತಿಂಗಳಿಗೊಮ್ಮೆ ಹಂತ 1ರ ನೋಟ್‌ಬುಕ್ಕಿನಲ್ಲೇ ಬೇರೆ ಪುಟದಲ್ಲಿ ಬರೆಯಿರಿ, ಹಾರ್ಮೋನಿನ ಫಲವನ್ನು ಅದರಿಂದ ಅಳೆಯಬೇಡಿ.

ಈ ಕೆಳಗಿನವು ಕಂಡರೆ ಮುಂದಿನ ಭೇಟಿಗೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ: ಒಂದೇ ಕಾಲು ಊದಿ ನೋವಾಗುವುದು, ಹಠಾತ್ ಏದುಸಿರು, ಎದೆನೋವು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲಿನಲ್ಲಿ ಬಲ ಹೋಗುವುದು, ಇಂಜೆಕ್ಷನ್ ತಗೊಳ್ಳುವವರಲ್ಲಿ ಬೆನ್ನಿಗೆ ಹರಡುವ ತೀವ್ರ ಹೊಟ್ಟೆನೋವು. ಅಲ್ಲಿನ ವೈದ್ಯರಿಗೆ ನೀವು ಯಾವ ಹಾರ್ಮೋನ್ ತೆಗೆದುಕೊಳ್ಳುತ್ತಿದ್ದೀರಿ, ಕೊನೆಯ ಡೋಸ್ ಯಾವಾಗ ಆಯಿತು ಎಂಬುದನ್ನು ಮೊದಲೇ ಹೇಳಿ. ನಿಮಗೆ ಹೇಳಲಾಗದ ಸ್ಥಿತಿ ಬಂದೀತು, ಆದ್ದರಿಂದ ಮನೆಯವರಲ್ಲಿ ಒಬ್ಬರಿಗಾದರೂ ಇದು ಗೊತ್ತಿರಲಿ.